ವಂಶವೃಕ್ಷದಲ್ಲಿ ಇಲ್ಲದ ಅಕ್ಕನ ರಕ್ತ

ಶಿಡ್ಲಘಟ್ಟ, ಕೋಲಾರ ಜಿಲ್ಲೆ
೧೮ ಅಕ್ಟೋಬರ್ ೧೯೯೩

ನಮ್ಮ ಹುಟ್ಟೂರಿನ ಗ್ರಾಮ ಲೆಕ್ಕಿಗರ ಸನ್ನಿಧಿಗೆ

ಮಾನ್ಯರೇ,

ಹದಿನೈದು ವರ್ಷಗಳಿಂದ ಒಂದೇ ವೃತ್ತದಲ್ಲಿ, ಒಂದೇ ಕುರ್ಚಿಯಲ್ಲಿ ಕುಳಿತು, ಬಂದ ವರ್ಗಾವಣೆಗಳನ್ನೆಲ್ಲ ಬಂದ ದಾರಿಯಲ್ಲೇ ವಿನಯದಿಂದ ಹಿಂದಕ್ಕೆ ಕಳಿಸುತ್ತ, ಗೌರಿಬಿದನೂರು ಸೀಮೆಯ ಒಂದು ಮೂಲೆಯ ಪ್ರಜೆಗಳ ಹುಟ್ಟುಸಾವುಗಳನ್ನು ಕಾಯ್ದುಕೊಂಡು ಬಂದಿರುವ ತಮಗೆ ಮೊದಲು ಕೈಮುಗಿದು, ಆಮೇಲೆ ನನ್ನ ದೂರನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಇದು ನಾಲ್ಕು ಜನ ಓದುವ ಬಹಿರಂಗ ಪತ್ರವಾದ್ದರಿಂದ ತಮ್ಮ ಹೆಸರನ್ನಾಗಲಿ ನಮ್ಮ ಹಳ್ಳಿಯ ಹೆಸರನ್ನಾಗಲಿ ಬರೆದಿಲ್ಲ. ಬರೆದರೆ ತಮ್ಮ ಖ್ಯಾತಿ ನಗರಗೆರೆಯಿಂದ ಆಚೆಗೂ ಹಬ್ಬಿ, ತಮ್ಮ ಸಂಕೋಚದ ಸ್ವಭಾವಕ್ಕೆ ನೋವಾದೀತೆಂಬ ಭಯ.

ನಾನು ಶಿಡ್ಲಘಟ್ಟದ ರೇಷ್ಮೆ ಬಿತ್ತನೆ ಕೋಠಿಯೊಂದರಲ್ಲಿ ಗುಮಾಸ್ತ. ಹುಳು ಸಾಕುವ ರೈತರಿಗೆ ಕೊಡುವ ಮೊಟ್ಟೆ ತಯಾರಾಗುವುದು ನಮ್ಮಲ್ಲಿ. ಗಂಟುರೋಗವೆಂಬುದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವ ಕಾಯಿಲೆ. ಆದ್ದರಿಂದ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದ ಕೆಳಗೆ ನೋಡಿ, ತಾಯಿ ಶುದ್ಧವೆಂದು ಖಾತ್ರಿಯಾದರೆ ಮಾತ್ರ ಮೊಟ್ಟೆ ಹೊರಗೆ ಹೋಗುತ್ತದೆ. ಆ ರಿಜಿಸ್ಟರು ಬರೆಯುವವನು ನಾನೇ. ಮೊಟ್ಟೆಯ ತಾಯಿಯನ್ನು ಕೂಡ ವಿಚಾರಿಸಿಕೊಳ್ಳುವ ಕಚೇರಿಯಲ್ಲಿ ಇಪ್ಪತ್ತು ವರ್ಷ ಸವೆಸಿದವನಿಗೆ ತಮ್ಮ ಕಚೇರಿಯ ಪದ್ಧತಿ ಅರ್ಥವಾಗುವುದು ತಡವಾದರೆ ತಾವು ಕ್ಷಮಿಸಬೇಕು.

ನಮ್ಮ ತಂದೆ ರಾಮಾಂಜಿನಪ್ಪನವರು ೧೯೭೮ರಲ್ಲಿ ತೀರಿಕೊಂಡ ಮೇಲೆ, ಜಮೀನಿನ ಖಾತೆ ಬದಲಾವಣೆಗೆಂದು ತಾವು ದಯಪಾಲಿಸಿದ ವಂಶವೃಕ್ಷ ಈಗ ನನ್ನ ಮೇಜಿನ ಮೇಲಿದೆ. ಮೇಲೆ ನಮ್ಮ ತಂದೆ, ಕೆಳಗೆ ಎರಡು ಗೆರೆ, ಗೆರೆಯ ತುದಿಯಲ್ಲಿ ನಮ್ಮಣ್ಣ ಆವಲಪ್ಪ ಮತ್ತು ನಾನು, ಅದರ ಕೆಳಗೆ ತಮ್ಮ ಸಹಿ ಮತ್ತು ದುಂಡನೆಯ ಮೊಹರು. ಇಷ್ಟು ಚೊಕ್ಕವಾದ ಕುಟುಂಬವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಇದರಲ್ಲಿ ಒಬ್ಬ ಹೆಂಗಸೂ ಇಲ್ಲ. ನಮ್ಮ ತಂದೆಯವರು ಯಾರ ಸಹಾಯವನ್ನೂ ಬೇಡದೆ ತಾವೊಬ್ಬರೇ ನಮ್ಮಿಬ್ಬರನ್ನು ಹೆತ್ತು ಸಾಕಿದಂತೆ ತೋರುತ್ತದೆ. ನಾನು ಐದು ವರ್ಷದವನಿದ್ದಾಗ, ದಿನಕ್ಕೆ ಎರಡು ಕೊಡ ನೀರು ಕುಡಿಯುತ್ತ ಕುಡಿಯುತ್ತಲೇ ಒಣಗಿ ಸತ್ತ ನಮ್ಮ ತಾಯಿ ಅಶ್ವತ್ಥಮ್ಮ ಇದರಲ್ಲಿಲ್ಲ. ಆಕೆ ಸತ್ತ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದ, ಈಗಲೂ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು ಬದುಕಿರುವ ನಮ್ಮ ಅಕ್ಕ ಓಬಳಮ್ಮನೂ ಇಲ್ಲ. ಇಲ್ಲದಿರುವುದು ತಮ್ಮ ತಪ್ಪು ಎಂದು ನಾನು ಈಗಲೇ ಹೇಳುವುದಿಲ್ಲ. ಆ ಮಾತಿಗೆ ಬರುವ ಮೊದಲು ನನ್ನ ಮಗಳ ವಿಷಯ ಹೇಳಬೇಕು.

ನನ್ನ ಮಗಳು ಶ್ಯಾಮಲಮ್ಮನಿಗೆ ಹದಿನೈದು ತುಂಬಿದ ವರ್ಷ, ಅಂದರೆ ೧೯೯೦ರ ಜುಲೈನಲ್ಲಿ, ಬಾಯಾರಿಕೆ ಶುರುವಾಯಿತು. ಮೈ ಇಳಿಯಿತು. ಚಿಕ್ಕಬಳ್ಳಾಪುರದ ವೈದ್ಯರೊಬ್ಬರು ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ಸಕ್ಕರೆಯಲ್ಲಿ ಬೇರೆ ಬೇರೆ ಜಾತಿ ಇರುತ್ತದಂತೆ. ಮಕ್ಕಳಿಗೆ ಬರುವುದು ಒಂದು, ವಯಸ್ಸಾದವರಿಗೆ ಬರುವುದು ಇನ್ನೊಂದು, ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಚಿಕ್ಕ ವಯಸ್ಸಿನಲ್ಲೇ ಇಳಿದು ಬರುವುದು ಮತ್ತೊಂದು. ಯಾವುದೆಂದು ತಿಳಿಯಲು ಅವರು ಕೇಳಬೇಕಾದದ್ದನ್ನು ಕೇಳಿದರು. "ನಿಮ್ಮ ವಂಶದಲ್ಲಿ ಯಾರಿಗಾದರೂ ಇತ್ತಾ? ತಾತ, ಅಜ್ಜಿ, ಅತ್ತೆ, ದೊಡ್ಡಪ್ಪ?"

ಮಾನ್ಯರೇ, ನಾನು ಫೈಲಿನಿಂದ ತಮ್ಮ ವಂಶವೃಕ್ಷವನ್ನು ತೆಗೆದು ಅವರ ಮುಂದಿಟ್ಟೆ. ಮಗಳ ವಿದ್ಯಾರ್ಥಿವೇತನದ ಅರ್ಜಿಗೆಂದು ಅದು ಆ ವಾರವೆಲ್ಲ ನನ್ನ ಚೀಲದಲ್ಲೇ ಇತ್ತು. ತಂದೆಗೆ ಸಕ್ಕರೆ ಇರಲಿಲ್ಲ, ಅಣ್ಣನಿಗಿಲ್ಲ, ನನಗಿಲ್ಲ ಎಂದು ಬೆರಳಿಟ್ಟು ತೋರಿಸಿದೆ. ಅಕ್ಕನ ನೆನಪು ಬರಲಿಲ್ಲವೇ ಎಂದು ತಾವು ಕೇಳಬಹುದು. ಬಂತು. ಆದರೆ ಸರ್ಕಾರದ ಮೊಹರಿನ ಕಾಗದದಲ್ಲಿ ಇಲ್ಲದ ಅಕ್ಕನನ್ನು ಸ್ಟೆಥಾಸ್ಕೋಪ್ ಹಾಕಿಕೊಂಡ ಒಬ್ಬರ ಮುಂದೆ ಇದ್ದಾಳೆ ಎನ್ನಲು ನಾಲಗೆ ಏಳಲಿಲ್ಲ. ವೈದ್ಯರು, ವಂಶದಲ್ಲಿ ಯಾರಿಗೂ ಇಲ್ಲ ಎಂದು ಬರೆದುಕೊಂಡು, ಇದು ಮಕ್ಕಳ ಸಕ್ಕರೆ, ಇವಳ ಮೈಯಲ್ಲಿ ಇನ್ಸುಲಿನ್ ತಯಾರಾಗುತ್ತಿಲ್ಲ, ಬದುಕಿರುವಷ್ಟು ದಿನ ಎರಡು ಹೊತ್ತೂ ಇಂಜೆಕ್ಷನ್ ತೆಗೆದುಕೊಳ್ಳಬೇಕು ಎಂದರು. ನಾನು ಕೊಟ್ಟ ಮಾಹಿತಿಗೆ ಅದೇ ಸರಿಯಾದ ತೀರ್ಮಾನ.

ಮುಂದಿನ ಎರಡು ವರ್ಷ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಹೀಗೆ: ನನ್ನ ಹೆಂಡತಿ ಗಂಗುಲಮ್ಮ ಗಾಜಿನ ಸಿರಿಂಜನ್ನು ಕುದಿಸಲು ಇಡುವಳು, ನಾನು ಪರೀಕ್ಷಾ ನಳಿಗೆಯಲ್ಲಿ ನೀಲಿ ದ್ರಾವಣದ ಜೊತೆ ಮಗಳ ಮೂತ್ರದ ಎಂಟು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುವೆನು. ಹಸಿರಾದರೆ ಕಡಿಮೆ ಸಕ್ಕರೆ, ಹಳದಿಯಾದರೆ ಹೆಚ್ಚು, ಇಟ್ಟಿಗೆ ಕೆಂಪಾದರೆ ಬಹಳ ಹೆಚ್ಚು. ನಮ್ಮದು ದಿನವೂ ಇಟ್ಟಿಗೆ ಕೆಂಪು. ಕೆಂಪು ಬಂದಾಗಲೆಲ್ಲ ಎರಡೆರಡು ಯೂನಿಟ್ ಹೆಚ್ಚಿಸಬೇಕೆಂದು ಹೇಳಿದ್ದರಿಂದ ಹೆಚ್ಚಿಸುತ್ತ ಹೋದೆವು. ಮೂತ್ರ ಹೇಳಿದಷ್ಟು ಸಕ್ಕರೆ ರಕ್ತದಲ್ಲಿ ಇರಲೇ ಇಲ್ಲವೆಂಬುದು, ಕೆಲವು ಮನೆತನಗಳವರ ಮೂತ್ರ ಹೀಗೆ ಇಲ್ಲದ್ದನ್ನೂ ಸೇರಿಸಿ ಹೇಳುತ್ತದೆಂಬುದು ನಮಗೆ ತಿಳಿದದ್ದು ಆಮೇಲೆ. ಮಗಳು ಕಾಲೇಜಿನಲ್ಲಿ ಹನ್ನೊಂದು ಗಂಟೆಯ ಪಾಠದ ನಡುವೆ ಬೆವತು, ಕೈ ನಡುಗಿ, ಬೆಂಚಿನಿಂದ ಜಾರಿ ಬಿದ್ದಳು. ಮೇಡಂ ಒಬ್ಬರು ಬಾಯಿಗೆ ಸಕ್ಕರೆ ಹಾಕಿ ಎಬ್ಬಿಸಿದರು. ಹೀಗೆ ಮೂರು ಸಲ ಆಯಿತು. ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆಯೇ ಔಷಧಿ ಎಂದು ಹುಡುಗಿಯರು ಆಡಿಕೊಂಡರಂತೆ. ಇವಳು ನಗುತ್ತಿದ್ದಳಂತೆ, ಮನೆಗೆ ಬಂದು ಮಾತ್ರ ಊಟದ ತಟ್ಟೆಯ ಮುಂದೆ ಉಣ್ಣದೆ ಕುಳಿತುಕೊಳ್ಳುತ್ತಿದ್ದಳು.

ಹೋದ ವರ್ಷದ ಆಗಸ್ಟ್‌ನಲ್ಲಿ ಒಂದು ದಿನ, ನೀರಿನ ಮಡಕೆಯ ತಂಪಿನಲ್ಲಿ ಇಡುವ ಇನ್ಸುಲಿನ್ ಸೀಸೆ ನನ್ನ ಕಣ್ಣಿಗೆ ಬಿತ್ತು. ಕಚೇರಿಯ ಅಭ್ಯಾಸದಂತೆ ಸೀಸೆಯ ಮೇಲೆ ವಾರಕ್ಕೊಂದು ಗೆರೆ ಎಳೆಯುವುದು ನನ್ನ ಪದ್ಧತಿ. ಔಷಧಿ ಗೆರೆಯಿಂದ ಕೆಳಕ್ಕೆ ಇಳಿದೇ ಇರಲಿಲ್ಲ. ಕೇಳಿದೆ.

"ಹನ್ನೊಂದು ದಿನ ಆಯ್ತು ಕಣಪ್ಪ, ನಾನು ಹಾಕ್ಕೊಂಡಿಲ್ಲ" ಎಂದಳು ಮಗಳು. "ಸುಮ್ನೆ ಸೂಜಿ ಚುಚ್ಕೊಂಡು ತೆಗೀತಿದ್ದೆ. ಕ್ಲಾಸಲ್ಲಿ ಇನ್ನೊಂದ್ಸಲ ಬೀಳೋದಕ್ಕಿಂತ ಸಾಯೋದೇ ವಾಸಿ ಅನ್ನಿಸ್ತು."

ಮಕ್ಕಳ ಸಕ್ಕರೆಯಲ್ಲಿ ಮೂರು ನಾಲ್ಕು ದಿನ ಇಂಜೆಕ್ಷನ್ ಬಿಟ್ಟರೆ ರಕ್ತ ವಿಷವಾಗುತ್ತದೆ, ಪ್ರಜ್ಞೆ ತಪ್ಪುತ್ತದೆ ಎಂದು ನನಗೆ ಹೇಳಿದ್ದರು. ಬಸ್ ನಿಲ್ದಾಣದ ಪಕ್ಕದಲ್ಲಿ ರಕ್ತ ಪರೀಕ್ಷೆಯ ಸಣ್ಣ ಅಂಗಡಿ ಇಟ್ಟಿರುವ ಗೌಸ್ ಪೀರ್ ಅವರ ಬಳಿಗೆ ಮಗಳನ್ನು ಎಳೆದುಕೊಂಡು ಹೋದೆ. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಮನೆತನದಲ್ಲಿ ಹುಟ್ಟಿ, ಬಿಸಿನೀರಿನ ಬಾಣಲೆ ಒಗ್ಗದೆ, ಲ್ಯಾಬಿನ ಕೆಲಸ ಕಲಿತವರು ಅವರು. ರಕ್ತ ನೋಡಿದರು, ಮೂತ್ರ ನೋಡಿದರು, ರಕ್ತ ವಿಷವಾಗಿದ್ದರೆ ನಳಿಗೆಯಲ್ಲಿ ನೇರಳೆ ಬಣ್ಣದ ಉಂಗುರ ಮೂಡಬೇಕಾದ ಪರೀಕ್ಷೆಯನ್ನೂ ಮಾಡಿದರು. ಉಂಗುರ ಮೂಡಲಿಲ್ಲ. ಇನ್ನೊಮ್ಮೆ ಮಾಡಿದರು.

"ಸಾರ್, ಹನ್ನೊಂದು ದಿನ ಇನ್ಸುಲಿನ್ ಇಲ್ಲ ಅಂತೀರಿ, ಹುಡುಗಿ ಮೆಟ್ಲು ಹತ್ಕೊಂಡು ಬಂದವ್ಳೆ. ಮಕ್ಕಳ ಸಕ್ಕರೆ ಹಿಂಗಿರಲ್ಲ ಸಾರ್. ಇವಳ ಮೈಯಾಗೆ ಇನ್ಸುಲಿನ್ ಐತೆ."

ಅದನ್ನು ತಿಳಿಯುವುದು ಹೇಗೆ, ಎರಡು ವರ್ಷದಿಂದ ನಾವೇ ಹೊರಗಿನಿಂದ ತುಂಬಿದ್ದೇವಲ್ಲ ಎಂದೆ. ಅದಕ್ಕೆ ಬೆಂಗಳೂರಿನಲ್ಲಿ ಒಂದು ಪರೀಕ್ಷೆ ಇದೆ, ಸಿ-ಪೆಪ್ಟೈಡ್ ಅಂತ ಹೆಸರು ಎಂದು ಗೌಸ್ ಪೀರ್ ವಿವರಿಸಿದರು. "ನಮ್ಮನೇಲಿ ಗೂಡಿಂದ ನೂಲು ತೆಗೀತಾರಲ್ಲ ಸಾರ್, ನೂಲು ಬಂದ ಮೇಲೆ ಒಳಗಿನ ಸತ್ತ ಹುಳ ಉಳೀತದೆ. ಅಂಗಡಿಯಿಂದ ನೂಲು ತಂದ್ರೆ ಹುಳ ಬರಲ್ಲ. ಹಿತ್ತಲಲ್ಲಿ ಹುಳ ಬಿದ್ದಿದ್ರೆ ಮನೇಲೇ ನೂಲು ತೆಗೆದವ್ರೆ ಅಂತ ಲೆಕ್ಕ. ಮೈಯಾಗೆ ಇನ್ಸುಲಿನ್ ತಯಾರಾದಾಗ ಹಂಗೇ ಒಂದು ತುಂಡು ಉಳ್ಕೊಂತದೆ. ಸೀಸೇದ್ರಾಗೆ ಆ ತುಂಡು ಇರಲ್ಲ. ರಕ್ತದಾಗೆ ಅದು ಸಿಗ್ತದಾ ನೋಡಣ."

ಸಿಕ್ಕಿತು. ಸೊನ್ನೆಯ ಹತ್ತಿರ ಇರಬೇಕಾಗಿದ್ದ ಅಂಕಿ ಒಂದೂ ಮುಕ್ಕಾಲು ಬಂತು. ಬೆಂಗಳೂರಿನ ವೈದ್ಯೆ ವರದಿಯನ್ನು ಎರಡು ಸಲ ಓದಿದರು. ನಾನು ಆಗಲೇ ಸಿರಿಂಜನ್ನು ಎಲ್ಲಿ ಎಸೆಯಬೇಕೆಂದು ಯೋಚಿಸುತ್ತಿದ್ದೆ. ಅವರು ತಡೆದರು. ಮಕ್ಕಳ ಸಕ್ಕರೆಯಲ್ಲೂ ಮೊದಲ ಎರಡು ಮೂರು ವರ್ಷ ಸ್ವಂತ ಇನ್ಸುಲಿನ್ ಸ್ವಲ್ಪ ಉಳಿದಿರಬಹುದು, ಒಂದೇ ಅಂಕಿಯನ್ನು ನಂಬಿ ಇಂಜೆಕ್ಷನ್ ನಿಲ್ಲಿಸಿದರೆ ಹುಡುಗಿಯ ಪ್ರಾಣಕ್ಕೆ ಕುತ್ತು. ವಿದೇಶದಲ್ಲಿ ಯಾವ ವಂಶವಾಹಿ ಕೆಟ್ಟಿದೆ ಎಂದು ಹುಡುಕುತ್ತಿದ್ದಾರೆ, ನಮ್ಮಲ್ಲಿ ಸದ್ಯಕ್ಕೆ ಇರುವುದು ರಕ್ತದ ಈ ಅಂಕಿ ಮತ್ತು ಮನೆತನದ ಕಥೆ ಎಂದರು. "ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಸಕ್ಕರೆ ಬಂದು, ಇಂಜೆಕ್ಷನ್ ಇಲ್ಲದೆ ತುಂಬಾ ವರ್ಷ ಬದುಕಿರೋರು ಯಾರಾದ್ರೂ ಇದ್ದಾರಾ? ಅವರ ರಕ್ತದಲ್ಲೂ ಇದು ಸಿಕ್ಕಿದ್ರೆ ನನಗೆ ಧೈರ್ಯ ಬರುತ್ತೆ."

ನನ್ನ ಕೈ ತನ್ನಷ್ಟಕ್ಕೆ ಫೈಲಿಗೆ ಹೋಗಿ ತಮ್ಮ ವಂಶವೃಕ್ಷವನ್ನು ತೆಗೆಯಿತು.

"ಅಪ್ಪ," ಎಂದಳು ಮಗಳು, "ಕೆಂಚಾರ್ಲಹಳ್ಳಿ ಓಬಳತ್ತೆಗೆ ಮದ್ವೆ ಆದ ಹೊಸದ್ರಲ್ಲೇ ಸಕ್ಕರೆ ಬಂದಿತ್ತಂತೆ. ಅಮ್ಮ ಹೇಳಿದ್ದು. ನೀನ್ಯಾಕೆ ಹೇಳ್ತಿಲ್ಲ?"

ವೈದ್ಯೆ ತಾವು ಕೊಟ್ಟ ಆ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿ, ಇದರಲ್ಲಿ ಹೆಂಗಸರೆಲ್ಲಿ ಎಂದು ಕೇಳಿದರು. ಅದು ರೆವಿನ್ಯೂ ಇಲಾಖೆಯದು ಮೇಡಂ ಎಂದೆ. ಅವರು ಕಾಗದವನ್ನು ಮಗುಚಿ, ಹಿಂಬದಿಯ ಖಾಲಿ ಜಾಗದಲ್ಲಿ ಹೊಸದಾಗಿ ಬರೆಯತೊಡಗಿದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸಕ್ಕರೆ ಇದ್ದವರಿಗೆ ಮಸಿ. ನಮ್ಮ ತಾಯಿಯ ವೃತ್ತಕ್ಕೆ ಅರ್ಧ ಮಸಿ ತುಂಬಿ ಪ್ರಶ್ನೆಯ ಚಿಹ್ನೆ ಹಾಕಿದರು. ಅಕ್ಕನ ವೃತ್ತವನ್ನು ಖಾಲಿ ಬಿಟ್ಟು, ರಕ್ತ ಬೇಕು ಎಂದು ಬರೆದರು. ಆಮೇಲೆ ನನ್ನ ಬೆರಳನ್ನೂ ಚುಚ್ಚಿದರು. ನಲವತ್ತನಾಲ್ಕು ವರ್ಷದ ನನ್ನ ಚೌಕಕ್ಕೂ ಮಸಿ ಬಿತ್ತು. ರಾತ್ರಿ ನಾಲ್ಕು ಸಲ ಏಳುವುದು ಕಚೇರಿಯ ಚಿಂತೆಯಿಂದ ಎಂದುಕೊಂಡಿದ್ದೆ. ತಮ್ಮ ಮೊಹರು ಇರುವ ಕಾಗದದ ಹಿಂಬದಿಯಲ್ಲಿ ನಮ್ಮ ಮನೆತನ ಮೊದಲ ಬಾರಿಗೆ ಪೂರ್ತಿಯಾಗಿ ಕಾಣಿಸಿಕೊಂಡಿತು. ಕಾಗದವನ್ನು ಒದಗಿಸಿದ್ದಕ್ಕಾಗಿ ತಮಗೆ ನಾನು ಋಣಿ.

ಹೋದ ವರ್ಷದ ಅಕ್ಟೋಬರ್‌ನ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಕೆಂಚಾರ್ಲಹಳ್ಳಿಗೆ ಹೋದೆ. ಹದಿನಾಲ್ಕು ವರ್ಷದ ಮೇಲೆ ಹೋಗುತ್ತಿದ್ದುದು. ಅಕ್ಕ ಕೊಟ್ಟಿಗೆಯಲ್ಲಿ ಹಸುವಿಗೆ ಹಿಂಡಿ ಕಲಸುತ್ತಿದ್ದಳು. ಐವತ್ತೇಳು ವರ್ಷ, ಒಂದು ಕಣ್ಣು ಮಂಜಾಗಿತ್ತು. ಇನ್ನೊಂದರಿಂದ ನನ್ನನ್ನು ಚೆನ್ನಾಗಿ ನೋಡಿದಳು.

"ಯಾರು ಬೇಕಾಗಿತ್ತು?"

"ನಾನು ಅಕ್ಕ. ರವಣ."

"ನಂಗ್ಯಾರೂ ತಮ್ಮಂದಿರಿಲ್ಲಪ್ಪ. ಸರ್ಕಾರದೋರೇ ಬರ್ಕೊಟ್ಟವ್ರೆ. ನಮ್ಮನೆಯೋರು ನಕಲು ತಂದು ಓದಿ ಹೇಳಿದ್ರು. ಅರ್ಜಿ ಬರೆದಿದ್ದ ಕೈ ಯಾರ್ದು ಅಂತಾನೂ ಹೇಳಿದ್ರು. ಮುತ್ತು ಪೋಣಿಸಿದಂಗೆ ಐತೆ ಅಂದ್ರು."

ಮಾನ್ಯರೇ, ನಾನು ಬಚ್ಚಿಟ್ಟಿದ್ದ ವಿಷಯ ಇದೇ. ೧೯೭೮ರಲ್ಲಿ ಅಣ್ಣ ಆವಲಪ್ಪ ಹೇಳಿದ, ನಾನು ಬರೆದೆ. 'ಮೇಲ್ಕಂಡ ಇಬ್ಬರು ಗಂಡು ಮಕ್ಕಳ ಹೊರತು ಮೃತರಿಗೆ ಬೇರೆ ಯಾವ ವಾರಸುದಾರರೂ ಇರುವುದಿಲ್ಲ' ಎಂಬ ವಾಕ್ಯ ನನ್ನದು. ಕಾಗುಣಿತದ ತಪ್ಪಿಲ್ಲ. ಅದನ್ನು ತಾವು ನಮ್ಮ ಮನೆಗೆ ಬಂದು ಓದಿದ ಹೊತ್ತಿನಲ್ಲಿ ಅಕ್ಕ ಅದೇ ಮನೆಯ ಜಗಲಿಯಲ್ಲಿ ಕುಳಿತು, ತಂದೆಯ ಹನ್ನೊಂದನೇ ದಿನದ ಅಡುಗೆಗೆ ಅಕ್ಕಿ ಆರಿಸುತ್ತಿದ್ದಳು, ತಮಗೆ ಮಜ್ಜಿಗೆ ತಂದು ಕೊಟ್ಟವಳೂ ಅವಳೇ. ಮಜ್ಜಿಗೆಗೆ ಉಪ್ಪು ಸಾಲದೆಂದು ತಾವು ಹೇಳಿದ್ದು, ಅವಳು ಮತ್ತೆ ಒಳಗೆ ಹೋಗಿ ಬಂದದ್ದು ನನಗೆ ನೆನಪಿದೆ.

ಶ್ಯಾಮಲ ಮುಂದೆ ಹೋಗಿ, "ಅತ್ತೆ, ನಾನು ಇವರ ಮಗಳು, ನಂಗೂ ಸಕ್ಕರೆ ಐತೆ" ಎಂದಳು. ಅಕ್ಕ ಹಿಂಡಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವಳ ತೋಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಸೂಜಿಯ ಗುರುತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು.

"ಇದೇನೇ ತಾಯಿ, ಹಿಂಗೆ ಚುಚ್ಚವ್ರೆ? ನಂಗೆ ಇಪ್ಪತ್ತೆರಡಕ್ಕೇ ಬಂತು. ಮೊದಲನೇ ಬಸುರಿ. ಒಂದು ಸೂಜೀನೂ ಹಾಕಿಸ್ಕೊಂಡಿಲ್ಲ." ಒಳಗೆ ಹೋಗಿ ಎಲೆ ಅಡಿಕೆಯ ಡಬ್ಬಿ ತಂದಳು. ಸುಣ್ಣದ ಕಾಯಿಯ ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ಬಿಳಿ ಮಾತ್ರೆಗಳಿದ್ದವು. "ಚಿಂತಾಮಣಿ ಡಾಕ್ಟ್ರು ಬರ್ಕೊಟ್ಟಿದ್ದು. ಒಂದು ನುಂಗಿದ್ರೆ ತಲೆ ತಿರುಗ್ತದೆ. ಅದಕ್ಕೆ ಅರ್ಧ ಮುರ್ಕೊಂಡು ನುಂಗ್ತೀನಿ. ಇಪ್ಪತ್ತು ವರ್ಷದಿಂದ ಹಿಂಗೇ ನಡೀತೈತೆ."

ಬೆಂಗಳೂರಿಗೆ ಬರುವುದಿಲ್ಲ, ಹಸು ಕರೆಯುವವರಿಲ್ಲ ಎಂದಳು. ಶಿಡ್ಲಘಟ್ಟಕ್ಕಾದರೆ ಬೆಳಿಗ್ಗೆ ಹಾಲು ಕರೆದು ಬರುತ್ತೇನೆ ಎಂದಳು. ನನ್ನ ಕಡೆ ತಿರುಗದೆ ಇನ್ನೊಂದು ಮಾತು ಸೇರಿಸಿದಳು. "ರಕ್ತ ಕೊಡಕ್ಕೆ ನಾನು ಆ ಮನೆ ಮಗಳು. ಸೈನ್ ಹಾಕೋ ದಿನ ನಾನ್ಯಾರು? ಅಲ್ಲಿ ಎಲ್ರ ಎದುರ್ಗೂ ನಾನ್ಯಾರು ಅಂತ ಇವನು ಹೇಳ್ಬೇಕು. ಆಮೇಲೆ ರಕ್ತ."

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ, ಒಂದು ಲೋಟ ಕಾಫಿಯನ್ನೂ ಕುಡಿಯದೆ ಬಂದಳು. ಗೌಸ್ ಪೀರ್ ಅವರ ಅಂಗಡಿಯಲ್ಲಿ ಆಗಲೇ ಏಳೆಂಟು ಜನ. ಬರೆಯುವ ಚೀಟಿಯಲ್ಲಿ ಹೆಸರು, ವಯಸ್ಸು, ತಂದೆಯ ಹೆಸರು, ರೋಗಿಗೆ ಏನಾಗಬೇಕು ಎಂಬ ನಾಲ್ಕು ಸಾಲು. ಅಕ್ಕ ಕೈಕಟ್ಟಿ ನಿಂತಳು. "ಬರಿ. ಬರೆದದ್ದು ಗಟ್ಟಿಯಾಗಿ ಓದು."

ಓದಿದೆ. "ಓಬಳಮ್ಮ, ಐವತ್ತೇಳು, ರಾಮಾಂಜಿನಪ್ಪನವರ ಮಗಳು, ವೆಂಕಟರವಣಪ್ಪನ ಅಕ್ಕ." ಕೊನೆಯದು ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಓದಿಸಿದಳು. ಬೆಂಚಿನ ಮೇಲಿದ್ದವರು ಏನೂ ತಿಳಿಯದೆ ನಮ್ಮನ್ನು ನೋಡುತ್ತಿದ್ದರು. ಆಮೇಲೆ ಸೆರಗು ಸರಿಸಿ ತೋಳು ಚಾಚಿ, "ಏಮ್ರಾ ರವಣಾ, ಬಡವಾಗಿದೀಯಲ್ಲ, ನಿಂಗೂ ಐತಂತಲ್ಲ" ಎಂದಳು. ಮಾನ್ಯರೇ, ಕಂದಾಯ ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲದ ಒಂದು ಕೆಲಸವನ್ನು ನಾನು ಅಲ್ಲಿ, ಅಷ್ಟು ಜನರೆದುರು ಮಾಡಿದೆ: ಅತ್ತುಬಿಟ್ಟೆ.

ತಿಂಡಿಗೆ ಮೊದಲು ಒಂದು ಸಲ, ಎರಡು ಇಡ್ಲಿ ತಿಂದ ಮೇಲೆ ಒಂದು ಸಲ ರಕ್ತ ತೆಗೆದರು. ರಕ್ತದ ತಿಳಿಯನ್ನು ಬೇರೆ ಮಾಡಿ, ಐಸ್ ಕ್ಯಾಂಡಿ ಕಾರ್ಖಾನೆಯಿಂದ ತಂದ ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟು, ಗೌಸ್ ಪೀರ್ ತಾವೇ ಬೆಂಗಳೂರಿನ ಬಸ್ಸು ಹತ್ತಿದರು. ಹತ್ತು ದಿನಕ್ಕೆ ಉತ್ತರ ಬಂತು. ಮೂವತ್ತೈದು ವರ್ಷ ಸಕ್ಕರೆಯ ಜೊತೆ ಬಾಳಿದ ಅಕ್ಕನ ರಕ್ತದಲ್ಲಿ ಅದೇ ತುಂಡು ಇನ್ನೂ ಇತ್ತು. ಊಟಕ್ಕೆ ಮೊದಲು ಒಂದೂಕಾಲು, ಆಮೇಲೆ ಎರಡು. ವೈದ್ಯೆ ಅಕ್ಕನ ವೃತ್ತಕ್ಕೆ ಮಸಿ ತುಂಬಿ, ಅರ್ಧ ಮಾತ್ರೆಯ ಸಂಗತಿಯನ್ನು ಮತ್ತೆ ಮತ್ತೆ ಕೇಳಿದರು. ತಾಯಿಯಿಂದ ಮಕ್ಕಳಿಗೆ, ಮಕ್ಕಳಿಂದ ಮೊಮ್ಮಗಳಿಗೆ ಇಳಿದ ಸಕ್ಕರೆ ಇದು, ಇಂಥವರಿಗೆ ಸಣ್ಣ ಮಾತ್ರೆಯೇ ದೊಡ್ಡ ಕೆಲಸ ಮಾಡುತ್ತದೆ ಎಂದರು. ಮಗಳನ್ನು ಎರಡು ವಾರ ಆಸ್ಪತ್ರೆಯಲ್ಲಿ ಕಣ್ಣೆದುರಿಗೇ ಇಟ್ಟುಕೊಂಡು, ದಿನಕ್ಕೆ ಇಷ್ಟಿಷ್ಟೆಂದು ಇಂಜೆಕ್ಷನ್ ಇಳಿಸಿ, ಕೊನೆಗೆ ನಿಲ್ಲಿಸಿಯೇ ಬಿಟ್ಟರು. ಈಗ ಅವಳು ಬೆಳಿಗ್ಗೆ ಅರ್ಧ ಮಾತ್ರೆ ನುಂಗುತ್ತಾಳೆ. ಈ ವರ್ಷದ ಏಪ್ರಿಲ್‌ನಲ್ಲಿ ಪಿಯುಸಿ ಪರೀಕ್ಷೆ ಬರೆದಳು. ಒಂದು ಪತ್ರಿಕೆಯಲ್ಲೂ ಬೆಂಚಿನಿಂದ ಬೀಳಲಿಲ್ಲ. ಎರಡು ವರ್ಷ ನಾವು ಅವಳಿಗೆ ಚುಚ್ಚಿದ ಸಾವಿರದ ಐನೂರು ಸೂಜಿಗಳಿಗೆ ಬದಲಾಗಿ, ಕೆಂಚಾರ್ಲಹಳ್ಳಿಗೆ ಒಂದು ಸಲ ಹೋಗಿ ಬಂದಿದ್ದರೆ ಸಾಕಾಗಿತ್ತು.

ಇನ್ನು ತಮ್ಮ ವಿಷಯ. ಜೂನ್‌ನಲ್ಲಿ ನಾನು ಪ್ರಮಾಣಪತ್ರ ಮಾಡಿಸಿ, ೧೯೭೮ರ ಹೇಳಿಕೆ ಸುಳ್ಳು, ಬರೆದವನು ನಾನೇ, ಇದಕ್ಕೆ ಏನು ಶಿಕ್ಷೆಯೋ ಅನುಭವಿಸಲು ಸಿದ್ಧ ಎಂದು ತಮ್ಮ ಮುಂದಿಟ್ಟೆ. ತಾವು ಸಮಾಧಾನದಿಂದ ಓದಿ, ಓಬಳಮ್ಮ ಹುಟ್ಟಿದ್ದಕ್ಕೆ ದಾಖಲೆ ಕೇಳಿದಿರಿ. ಜನನ ಪತ್ರ ಇಲ್ಲ. ಶಾಲೆಯ ದಾಖಲೆ ಇಲ್ಲ, ಆರನೇ ವಯಸ್ಸಿನಿಂದಲೇ ಆವಲಪ್ಪನನ್ನು ಹೊತ್ತುಕೊಂಡಿದ್ದವಳನ್ನು ಶಾಲೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾದರೆ ಹಿರಿಯ ಮಗ ಆವಲಪ್ಪನವರ ಒಪ್ಪಿಗೆ ತನ್ನಿ ಎಂದಿರಿ. ಅಣ್ಣನ ಹತ್ತಿರ ಹೋದೆ. "ನಂಗೆ ಅಕ್ಕ ಇದ್ಲು ಅಂತ ನಂಗೆ ಗ್ಯಾಪಕಾನೇ ಇಲ್ಲ ಕಣೋ" ಎಂದ. ಹೋಗಲಿ, ರಕ್ತವನ್ನಾದರೂ ಪರೀಕ್ಷೆ ಮಾಡಿಸಿಕೋ ಎಂದೆ. "ನನ್ನ ರಕ್ತದಾಗೆ ಏನೈತೆ ಅಂತ ನೀನೇನೋ ಹೇಳೋದು?" ಎಂದು ಬಾಗಿಲು ಹಾಕಿಕೊಂಡ.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಮಗಳ ತಿಂಗಳ ಪರೀಕ್ಷೆಗೆಂದು ಗೌಸ್ ಪೀರ್ ಅಂಗಡಿಯ ಒಳಕೋಣೆಯಲ್ಲಿ ಕುಳಿತಿದ್ದೆ. ಪರದೆಯಾಚೆ ಯಾರೋ ಬಂದರು. ಕಾಲಿನ ಹೆಬ್ಬೆರಳ ಗಾಯ ಎರಡು ತಿಂಗಳಿಂದ ಮಾಗಿಲ್ಲ, ರಕ್ತ ನೋಡಿ ಎಂದರು. ಹೆಸರು ಮುನಿಶಾಮಿ ಎಂದರು. ಗೌಸ್ ಪೀರ್ ಎಲ್ಲರನ್ನೂ ಕೇಳುವಂತೆ, "ಮನೇಲಿ ಯಾರಿಗಾದ್ರೂ ಸಕ್ಕರೆ ಐತಾ?" ಎಂದು ಕೇಳಿದರು.

"ನಮ್ಮಮ್ಮಂಗೆ ಇತ್ತು ಅನ್ನಿಸ್ತದೆ," ಎಂದಿತು ದನಿ. ಆಮೇಲೆ, "ನಮ್ಮಕ್ಕಂಗೆ ಐತೆ. ಸ್ವಂತ ಅಕ್ಕ" ಎಂದಿತು.

ನಾನು ಪರದೆ ಸರಿಸಿದೆ. ಮುನಿಶಾಮಿಯೆಂದು ಸುಳ್ಳು ಹೆಸರು ಕೊಟ್ಟಿದ್ದ ಅಣ್ಣ ನನ್ನನ್ನು ನೋಡಿದ, ಶ್ಯಾಮಲಳನ್ನು ನೋಡಿದ. ಓಡಿಹೋಗಲು ಕಾಲು ಬರುವಂತಿರಲಿಲ್ಲ. ಬೆಂಚಿನ ಮೇಲೆ ಕುಳಿತು, "ಅದೇನೋ ಅರ್ಧ ಮಾತ್ರೆ ಅಂತಾರಲ್ಲ, ಅದು ನಂಗೂ ಆಗ್ತದೇನೋ?" ಎಂದು ಕೇಳಿದ. ಅವನಿಗೆ ಐವತ್ತೆರಡು ವರ್ಷ. ಅಷ್ಟು ಹೆದರಿದ ಮುಖವನ್ನು ನಾನು ನಮ್ಮ ತಾಯಿ ಸತ್ತ ದಿನ ಮಾತ್ರ ಅವನಲ್ಲಿ ಕಂಡಿದ್ದೆ. ಬಯ್ಯಬೇಕೆಂದು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಅಲ್ಲೇ ಬಿಟ್ಟೆ. ಗಾಯಕ್ಕೆ ಕಟ್ಟು ಹಾಕಿಸಿ, ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಮುಂದಿನ ವಾರ ಅವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಅದು ತಮ್ಮ ಕೈ ಸೇರಿ ಇಂದಿಗೆ ಮೂರು ವಾರ.

ತಾವು ಮೊನ್ನೆ ಹೇಳಿ ಕಳಿಸಿದ ಉತ್ತರ ನನ್ನನ್ನು ಮೂಕನನ್ನಾಗಿ ಮಾಡಿದೆ. ಒಪ್ಪಿಗೆ ಸರಿಯಾಗಿದೆ, ಪ್ರಮಾಣಪತ್ರ ಸರಿಯಾಗಿದೆ, ಆದರೆ ಹಳೆಯ ವಂಶವೃಕ್ಷದಲ್ಲಿ ಇನ್ನೊಂದು ಹೆಸರಿಗೆ ಜಾಗವಿಲ್ಲ ಎಂದಿರಂತೆ. ಜಾಗದ ಅಭಾವವನ್ನು ನಾನು ಒಪ್ಪುತ್ತೇನೆ. ತಮ್ಮ ಮೊಹರು ದೊಡ್ಡದು. ಆದ್ದರಿಂದ ಕೆಲವು ಸಣ್ಣ ಕೋರಿಕೆಗಳು. ಬೇಕಾದರೆ ನನ್ನ ಹೆಸರನ್ನು ಹೊಡೆದು ಆ ಗೆರೆಯ ತುದಿಯಲ್ಲಿ ಅಕ್ಕನ ಹೆಸರನ್ನು ಬರೆಯಿರಿ. ನಾನು ಹುಟ್ಟಿಯೇ ಇಲ್ಲವೆಂದು ಹೇಳಿಕೆ ಬರೆದುಕೊಡುತ್ತೇನೆ, ಅಂಥ ಹೇಳಿಕೆ ಬರೆಯುವುದರಲ್ಲಿ ನನಗೆ ಅನುಭವವಿದೆ. ಅದೂ ಆಗದಿದ್ದರೆ, ಇನ್ನು ಮುಂದೆ ಪಹಣಿಯಲ್ಲಿ ಹೆಸರಿರುವವರ ಮೂಲಕ ಮಾತ್ರ ಇಳಿಯತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು ಎಂದು ಸಕ್ಕರೆ ಕಾಯಿಲೆಗೆ ಒಂದು ನೋಟೀಸು ಜಾರಿ ಮಾಡಿರಿ. ನಮ್ಮ ಮನೆಯವರೆಲ್ಲ ಅದಕ್ಕೆ ಬದ್ಧರಾಗಿರುತ್ತೇವೆ.

ಜಮೀನಿನ ಪಾಲಿಗಾಗಿ ಈ ಗಲಾಟೆ ಎಂದು ತಾವು ಊರಿನಲ್ಲಿ ಹೇಳುತ್ತಿರುವುದು ಅಕ್ಕನ ಕಿವಿಗೂ ಬಿದ್ದಿದೆ. "ಹೊಲ ಆಮೇಲೆ ನೋಡಣ, ಮೊದ್ಲು ನನ್ನ ಹುಟ್ಸು ಅಂತ ಹೇಳು" ಎಂದಳು. ಅವಳ ಎರಡನೆಯ ಕಣ್ಣಿಗೂ ಮಂಜು ಕವಿಯುತ್ತಿದೆ. ಇನ್ನು ಒಂದು ವರ್ಷ ಕಾಣಬಹುದು, ಹೆಚ್ಚೇನೂ ಹೇಳುವಂತಿಲ್ಲ ಎಂದು ಕಣ್ಣಿನ ವೈದ್ಯರು ಹೇಳಿದ್ದಾರೆ. ಅವಳಿಗೆ ಓದಲು ಬಾರದು. ಆದರೂ ಸರ್ಕಾರದ ಕಾಗದದ ಮೇಲೆ ತನ್ನ ಹೆಸರು ಎಷ್ಟು ಉದ್ದ ಬರುತ್ತದೆ ಎಂದು ಒಂದು ಸಲ ನೋಡಬೇಕಂತೆ. ದಯವಿಟ್ಟು ಸ್ವಲ್ಪ ದಪ್ಪ ಅಕ್ಷರದಲ್ಲಿ, ಸ್ವಲ್ಪ ಬೇಗ ಬರೆಯಿರಿ.

ತಪ್ಪಿನಲ್ಲಿ ತಮ್ಮ ಸಮಪಾಲುದಾರನೂ, ತಮ್ಮ ವಿಶ್ವಾಸಿಯೂ ಆದ,
ವೆಂಕಟರವಣಪ್ಪ
ಓಬಳಮ್ಮನ ತಮ್ಮ

ತಾ.ಕ.: ನನ್ನ ಅರ್ಜಿಗೆ ಷರಾ ಬರೆಯುವ ಅರ್ಧ ಗಂಟೆಯಲ್ಲಿ ತಾವು ಒಂದು ಹೂಜಿ ನೀರು ಖಾಲಿ ಮಾಡಿ, ಮೂರು ಸಲ ಹಿತ್ತಲಿಗೆ ಹೋಗಿ ಬಂದದ್ದನ್ನು ಗಮನಿಸಿದೆ. ಗೌಸ್ ಪೀರ್ ಅವರ ಅಂಗಡಿ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ, ಖಾಲಿ ಹೊಟ್ಟೆಯಲ್ಲಿ ಬರಬೇಕು. ತಮ್ಮ ತಂದೆಯವರಿಗೆ ಅಕ್ಕತಂಗಿಯರು ಎಷ್ಟು ಜನ, ಅವರು ಈಗ ಎಲ್ಲಿದ್ದಾರೆ ಎಂಬುದನ್ನು ಮನೆಯಲ್ಲಿ ವಿಚಾರಿಸಿಕೊಂಡು ಬಂದರೆ ಕೆಲಸ ಬೇಗ ಆಗುತ್ತದೆ.